ಅರಿಶಿನಕ್ಕೆ ನೆಲದಡಿಯ ಕಣಜ
ನಿಮಗಿದು ಗೊತ್ತೆ?

ಸಾಂಗ್ಲಿ ಮಗ್ಗುಲಲ್ಲೇ ಕೃಷ್ಣೆ, ವಾರಣೆ ಕೂಡುವ ಊರು ಹರಿಪುರ. ಸಂಗಮೇಶ್ವರ ಗುಡಿಗೆಂದು ಬಂದವರಿಗೆ ಇಲ್ಲಿನ ನೆಲದಡಿಯ ಸಂಪತ್ತು ಕಾಣುವುದಿಲ್ಲ. ಅದು ಅರಿಶಿನ ತುಂಬುತ್ತಿದ್ದ ಹಗೇವು. ಮರಾಠಿಗರ ಬಾಯಲ್ಲಿ ‘ಪೇವ’.

ಬಾಯಿ ಕಿರಿದು, ಹೊಟ್ಟೆ ಅಗಲ. ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗೆ ಗಾಳಿಯಾಡದು, ಹುಳವೂ ಉಳಿಯದು. ಅರಿಶಿನ ವರ್ಷಗಟ್ಟಲೆ ಕೆಡದು. ದರ ಬಿದ್ದಾಗ ಕಾಯುವ ತಾಕತ್ತು ಸಣ್ಣ ವರ್ತಕನಿಗೆ ಸಿಕ್ಕಿದ್ದೇ ಹೀಗೆ; ಬ್ಯಾಂಕಿಗಿಂತ ಈ ಗುಂಡಿಯೇ ವಾಸಿ ಎನ್ನಬೇಕು!

ಬೆಳಗಾವಿ, ಬಾಗಲಕೋಟೆ ಕಡೆಯ ಅರಿಶಿನವೂ ಸಾಂಗ್ಲಿ ಪೇಟೆಗೇ ಬರುತ್ತದೆ. ಲಿಂಗಾಯತ, ಜೈನ, ಗುಜರಾತಿ, ಮಾರವಾಡಿ ವರ್ತಕರು ನೆಲೆನಿಂತು ಬೆಳೆಸಿದ ಪೇಟೆಯಿದು.

2005ರ ಕೃಷ್ಣಾ ಮಹಾಪೂರ ಹಗೇವುಗಳಿಗೆ ನುಗ್ಗಿತು. ಆಮೇಲೆ ಅರಿಶಿನ ಗೋದಾಮು, ಕೋಲ್ಡ್ ಸ್ಟೋರೇಜ್‌ಗಳತ್ತ ಹೊರಳಿತು. ಸಾಂಗ್ಲಿ ಅರಿಶಿನಕ್ಕೆ ಜಿಐ ಮಾನ್ಯತೆ ದಕ್ಕಿದ್ದು 2018ರಲ್ಲಿ.