ಕೈ ತಪ್ಪಿದ ಎಲೆ

‘ಕೈತಪ್ಪಿ ಆಯಿತು’ ಎಂಬ ನಮ್ಮ ದಿನಬಳಕೆಯ ಮಾತು ಬ್ರಿಜ್ ಆಟದ ಮೇಜಿನಲ್ಲಿ ಅಕ್ಷರಶಃ ನಿಜವಾಗುವುದುಂಟು. ಆಟವನ್ನು ಹೊತ್ತ ಡಿಕ್ಲೇರರು ತನ್ನ ಹದಿಮೂರು ಎಲೆಗಳೊಡನೆ, ಎದುರಿಗೆ ಹರಡಿದ ಡಮ್ಮಿಯ ಹದಿಮೂರನ್ನೂ ತಾನೇ ಆಡಿಸಬೇಕು. ಹಿಂದಿನ ಟ್ರಿಕ್ಕನ್ನು ಯಾವ ಕೈ ಗೆದ್ದಿತೋ ಆ ಕೈಯಿಂದಲೇ ಮುಂದಿನ ಎಲೆ ಇಳಿಯಬೇಕು. ಲೆಕ್ಕದಲ್ಲಿ ಮುಳುಗಿದವನು ಅದನ್ನು ಮರೆತು, ಡಮ್ಮಿಯಿಂದ ಇಳಿಸಬೇಕಾದಾಗ ತನ್ನ ಕೈಯಿಂದ ಇಳಿಸಿಬಿಡುತ್ತಾನೆ.

ಕ್ಲಬ್ಬುಗಳಲ್ಲಿ ಆಗ ನಡೆಯುವುದೇನು? ಅವನೇ ನಕ್ಕು ಎಲೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಉಳಿದವರು ದಾಕ್ಷಿಣ್ಯಕ್ಕೆ ಸುಮ್ಮನಿರುತ್ತಾರೆ. ಸೌಜನ್ಯವಾಗಿ ತೋರುವ ಈ ಪದ್ಧತಿ ನ್ಯಾಯವಲ್ಲ. ಎಲೆಯನ್ನು ಒಪ್ಪುವ ಅಥವಾ ಹಿಂದಿರುಗಿಸುವ ಅಧಿಕಾರ ಎದುರಾಳಿಗಳದು, ತಪ್ಪಿದವನದಲ್ಲ.

ಡಮ್ಮಿಯಲ್ಲಿ ಆಟೀನಿನ ಎಕ್ಕ, ರಾಣಿ ಇವೆಯೆನ್ನಿ. ಡಿಕ್ಲೇರರು ತನ್ನ ಕೈಯಿಂದ ಸಣ್ಣ ಆಟೀನನ್ನು ಇಳಿಸಿ ರಾಣಿಯನ್ನು ಗೆಲ್ಲಿಸಹೊರಟಿದ್ದಾನೆ. ಆದರೆ ಸರದಿ ಡಮ್ಮಿಯದು, ತನ್ನ ಕೈಗೆ ಮರಳಲು ಬೇರೆ ದಾರಿಯೂ ಇಲ್ಲ. ರಾಜ ಎಡಗಡೆಯವನಲ್ಲಿದ್ದರೆ ಉಪಾಯ ಫಲಿಸುತ್ತದೆ. ಆದ್ದರಿಂದ ಅವನು ನಿರಾಕರಿಸಬೇಕು. ಬಲಗಡೆಯವನಲ್ಲಿದ್ದರೆ ರಾಜ ಆ ರಾಣಿಗಾಗಿ ಕಾದೇ ಕುಳಿತಿದೆ; ಅವನು ಸಂತೋಷದಿಂದ ಒಪ್ಪಬಹುದು. ಇಬ್ಬರೂ ಸಮಾಲೋಚಿಸುವಂತಿಲ್ಲ. ಒಬ್ಬನು ಒಪ್ಪಿ ಇನ್ನೊಬ್ಬನು ಬೇಡವೆಂದರೆ, ಡುಪ್ಲಿಕೇಟ್ ಬ್ರಿಜ್‌ನ 2017ರ ನಿಯಮಾವಳಿಯ 55ನೆಯ ನಿಯಮದಂತೆ, ತಪ್ಪಿದ ಎಲೆಯ ಮರುಸರದಿಯವನ ಮಾತೇ ನಡೆಯುತ್ತದೆ. ಅವನು ಮಾತಿಲ್ಲದೆ ಎಲೆ ಹಾಕಿದರೂ ಒಪ್ಪಿದಂತೆಯೇ.

ಹಿಂದಿರುಗಿಸಿದರೆ ದಂಡವಿಲ್ಲ, ಡಮ್ಮಿಯಿಂದ ಆಟೀನಿನ ಬದಲು ಇಸ್ಪೀಟನ್ನಾದರೂ ಇಳಿಸಬಹುದು. ಇದೇ ತಪ್ಪು ಎದುರಾಳಿಯದಾಗಿದ್ದರೆ, ಹಿಂದಿರುಗಿದ ಎಲೆ ದಂಡದ ಎಲೆಯಾಗಿ ಮೇಜಿನ ಮೇಲೆ ಮುಖ ಮೇಲಾಗಿ ಬಿದ್ದಿರಬೇಕಾಗುತ್ತಿತ್ತು. ಇದು ಪಕ್ಷಪಾತವೆನಿಸೀತು. ಆದರೆ ಎದುರಾಳಿಯ ಎಲೆ ಅವನ ಜೊತೆಗಾರನಿಗೆ ಗುಟ್ಟು ಹೇಳಿಕೊಡುತ್ತದೆ. ಡಿಕ್ಲೇರರ ಜೊತೆಗಾರನಿಗೆ ಗುಟ್ಟು ತಿಳಿದರೂ ಆಡಲು ಏನೂ ಉಳಿದಿಲ್ಲ.

ಆ ಜೊತೆಗಾರನ ಪಾಡಂತೂ ವಿಚಿತ್ರ. ಎಲೆ ಇಳಿಯುವ ಮೊದಲು “ಸರದಿ ಡಮ್ಮಿಯದು” ಎಂದು ಎಚ್ಚರಿಸಬಹುದು. ಇಳಿದ ಮೇಲೆ ಆಟ ಮುಗಿಯುವವರೆಗೆ ಅದರ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಗಂಡಹೆಂಡಿರು ಜೋಡಿಯಾಗಿ ಕುಳಿತ ಮೇಜಿನಲ್ಲಿ ಇದೆಷ್ಟು ಕಠಿಣ ವ್ರತವೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ!

ತಪ್ಪನ್ನು ಯಾರಾದರೂ ಎತ್ತಿ ತೋರಿಸಿದೊಡನೆ ಡೈರೆಕ್ಟರನ್ನು ಕರೆಯುವುದೇ ಕ್ರಮ. ಅದು ಯಾರ ಮೇಲಿನ ದೂರೂ ಅಲ್ಲ. ಹೊಸಬರಿರುವ ಮೇಜಿಗಂತೂ ಇದು ಅತ್ಯವಶ್ಯ. ಒಪ್ಪುವ ಹಕ್ಕು ತಮಗಿದೆಯೆಂಬುದೇ ಅವರಿಗೆ ತಿಳಿದಿರುವುದಿಲ್ಲ. ಹಳಬರು ಎಲೆಯನ್ನು ಹಿಂದಕ್ಕೆ ಸರಿಸಿದಾಗ ಆಟದ ರೀತಿಯೇ ಹೀಗೆಂದು ನಂಬಿ ಕುಳಿತಿರುತ್ತಾರೆ.