ತುಂಡಾಗದ 962 ದಿನಗಳು

ರಾಮದುರ್ಗ, ಸುರೇಬಾನದ ನೇಕಾರರ ಓಣಿಗಳಲ್ಲಿ ಕರೆಂಟಿನ ಬೆಲೆಯನ್ನು ಬಿಲ್ಲಿನಲ್ಲಿ ನೋಡಿದರೆ ಅರ್ಧವಷ್ಟೇ ತಿಳಿಯುತ್ತದೆ. ಉಳಿದರ್ಧ ಬಟ್ಟೆಯ ಮೇಲಿರುತ್ತದೆ. ವಿದ್ಯುತ್ ಮಗ್ಗ ಓಡುತ್ತಿರುವಾಗ ಸಪ್ಲೈ ಹೋಗಿ ಐದು ನಿಮಿಷದಲ್ಲಿ ಮರಳಿ ಬಂದಿತೆನ್ನಿ, ಮಗ್ಗ ನಿಂತು ಮತ್ತೆ ಶುರುವಾದ ಜಾಗದಲ್ಲಿ ಅಡ್ಡಗೆರೆಯೊಂದು ಉಳಿದುಬಿಡುತ್ತದೆ. ಹೊಕ್ಕಿನ ಎಳೆ ಅಲ್ಲಿ ದಟ್ಟವಾಗಿರುತ್ತದೆ, ಇಲ್ಲವೇ ಸಡಿಲವಾಗಿರುತ್ತದೆ. ಬೆಳಕಿಗೆ ಹಿಡಿದರೆ ಸಾಕು, ವ್ಯಾಪಾರಿಗೆ ಅದು ಕಾಣಿಸುತ್ತದೆ, ದರ ಇಳಿಯುತ್ತದೆ. ಬೈಲಹೊಂಗಲ, ಸವದತ್ತಿಯ ಹೊಲಗಳಲ್ಲೂ ಮಾತು ಇದೇ. ತ್ರೀ ಫೇಸ್ ರಾತ್ರಿ ಪಾಳಿಯಲ್ಲಿದ್ದರೆ ಬ್ಯಾಟರಿ ಹಿಡಿದು ಕಬ್ಬಿನ ಗದ್ದೆಗೆ ಹೋದ ರೈತ, ನಡುರಾತ್ರಿ ಲೈನ್ ಟ್ರಿಪ್ ಆದರೆ ಬದುವಿನ ಮೇಲೆ ಕುಳಿತು ಕಾಯಬೇಕು. ಎಷ್ಟು ಹೊತ್ತು ಕೊಡುತ್ತಾರೆ ಎನ್ನುವುದಕ್ಕಿಂತ, ಕೊಟ್ಟಷ್ಟು ಹೊತ್ತು ಕಡಿಯದೆ ಕೊಡುತ್ತಾರೆಯೇ ಎಂಬುದೇ ಇಲ್ಲಿಯ ಜನರ ಮೊದಲ ಪ್ರಶ್ನೆ.

ಹಾಗೆ ಕಡಿಯದೆ ನಡೆದದ್ದಕ್ಕೇ ಜಗತ್ತಿನಲ್ಲಿ ಮೊದಲ ಸ್ಥಾನ ಪಡೆದ ಒಂದು ವಿದ್ಯುತ್ ಘಟಕ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ. ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಕೇಂದ್ರದ ಒಂದನೇ ಘಟಕ 2016ರ ಮೇ 13ರಂದು ಗ್ರಿಡ್‌ಗೆ ಸೇರಿದ್ದು, ಮತ್ತೆ ನಿಂತದ್ದು 2018ರ ಡಿಸೆಂಬರ್ 31ರಂದು. ನಡುವಿನ 962 ದಿನ ಅದು ಒಮ್ಮೆಯೂ ನಿಲ್ಲಲಿಲ್ಲ. ಅಲ್ಲಿಯವರೆಗೆ ಬ್ರಿಟನ್ನಿನ ಹೇಶಮ್ ಸ್ಥಾವರದ ಘಟಕವೊಂದರ ಹೆಸರಿನಲ್ಲಿದ್ದ 940 ದಿನಗಳ ದಾಖಲೆಯನ್ನು ಕೈಗಾ ಆ ಡಿಸೆಂಬರ್ 10ರಂದು ದಾಟಿತು. ಅದಕ್ಕೂ ಮುನ್ನ, ಅಕ್ಟೋಬರ್ ಕೊನೆಯಲ್ಲಿ, ಕೆನಡಾದ ಪಿಕರಿಂಗ್ ಸ್ಥಾವರದ ಏಳನೇ ಘಟಕ 1994ರಲ್ಲಿ ಮಾಡಿದ್ದ 894 ದಿನಗಳ ದಾಖಲೆಯನ್ನು ಹಿಂದೆ ಹಾಕಿತ್ತು. ಕೈಗಾದಂತೆ ಭಾರಜಲ (ಹೆವಿ ವಾಟರ್) ಬಳಸುವ ರಿಯಾಕ್ಟರುಗಳ ಪೈಕಿ ಅಂದಿಗೆ ಅದೇ ದೊಡ್ಡ ದಾಖಲೆ.

ಕಾರವಾರದಿಂದ ಕಾಳಿ ನದಿಯ ಗುಂಟ ಒಳನಾಡಿನತ್ತ ಹೋದರೆ ಘಟ್ಟದ ಕಾಡಿನ ನಡುವೆ ಕೈಗಾ ಸಿಗುತ್ತದೆ. ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳು ಅಲ್ಲಿವೆ. ತಂಪು ಮಾಡಲು ಬೇಕಾದ ನೀರು ಕದ್ರಾ ಜಲಾಶಯದ್ದು. ನಡೆಸುವವರು 1987ರಲ್ಲಿ ಸ್ಥಾಪನೆಯಾದ ಭಾರತೀಯ ಅಣು ವಿದ್ಯುತ್ ನಿಗಮ, ಎಲ್ಲರ ಬಾಯಲ್ಲಿ ಎನ್‌ಪಿಸಿಐಎಲ್. ಕೈಗಾದಿಂದ ಹೊರಟ 400 ಕೆವಿ ಮಾರ್ಗಗಳಲ್ಲಿ ಒಂದು ಧಾರವಾಡದ ಹತ್ತಿರದ ನರೇಂದ್ರಕ್ಕೆ ಬಂದು ಮುಟ್ಟುತ್ತದೆ. ಅಲ್ಲಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಕಿತ್ತೂರು ದೂರವಿಲ್ಲ. ಗ್ರಿಡ್ ಸೇರಿದ ಮೇಲೆ ಯಾವ ಯೂನಿಟ್ ಯಾವ ಸ್ಥಾವರದ್ದೆಂದು ಗುರುತಿಸಲು ಬರುವುದಿಲ್ಲ. ಆದರೂ ನಮ್ಮ ಮನೆಯ ದೀಪದಲ್ಲಿ ಕೈಗಾದ ಪಾಲಿದೆ ಎಂದು ಕಿತ್ತೂರು ನಾಡಿನವರು ಧೈರ್ಯವಾಗಿ ಹೇಳಬಹುದು.

962 ದಿನ ಓಡಿತು ಎಂದರೆ ಕುಂಟುತ್ತ ಓಡಿತು ಎಂದಲ್ಲ. ಆ ಅವಧಿಯಲ್ಲಿ ಘಟಕ ತನ್ನ ಸಾಮರ್ಥ್ಯದ ಶೇ 99.3ರಷ್ಟು ವಿದ್ಯುತ್ ಕೊಟ್ಟಿತು. ದಿನಕ್ಕೆ ಅರ್ಧ ಕೋಟಿ ಯೂನಿಟ್‌ಗಿಂತ ಹೆಚ್ಚು, ಒಟ್ಟು ಸುಮಾರು 500 ಕೋಟಿ ಯೂನಿಟ್. ಮೂರು ಮಳೆಗಾಲ ಕಳೆದವು. ಘಟ್ಟದ ಮಳೆಗಾಲ ಗೊತ್ತಿದ್ದವರಿಗೆ, ಕಾಡಿನ ನಡುವಿನ ಲೈನುಗಳ ಮೇಲೆ ಆ ನಾಲ್ಕು ತಿಂಗಳು ಏನೇನು ಬೀಳುತ್ತದೆಂದು ಗೊತ್ತಿದ್ದವರಿಗೆ, ಇದರ ತೂಕ ಬೇರೆಯೇ.

ಇದು ಸಾಧ್ಯವಾದದ್ದರ ಹಿಂದೆ ರಿಯಾಕ್ಟರಿನ ರಚನೆಯದೇ ಒಂದು ಗುಟ್ಟಿದೆ. ಜಗತ್ತಿನ ಬಹುಪಾಲು ಅಣು ಸ್ಥಾವರಗಳು ಒಂದೂವರೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ನಿಂತು, ಮುಚ್ಚಳ ತೆಗೆದು, ಇಂಧನ ಬದಲಿಸಿಕೊಳ್ಳಬೇಕು. ಕೈಗಾದ ಬಗೆಯ ರಿಯಾಕ್ಟರಿಗೆ ಆ ಹಂಗಿಲ್ಲ. ಒಂದು ದೊಡ್ಡ ಉರುಳೆಯಾಕಾರದ ಪಾತ್ರೆ ಅಡ್ಡಲಾಗಿ ಮಲಗಿರುತ್ತದೆ. ಅದರ ಒಂದು ಮುಖದಿಂದ ಇನ್ನೊಂದು ಮುಖಕ್ಕೆ 306 ಕೊಳವೆಗಳು, ಪ್ರತಿ ಕೊಳವೆಯಲ್ಲಿ ಸಾಲಾಗಿ 12 ಇಂಧನದ ಕಟ್ಟು. ಕಟ್ಟೊಂದು ಹೆಚ್ಚುಕಡಿಮೆ ಅರ್ಧ ಮೀಟರ್ ಉದ್ದ, ಅದರಲ್ಲಿ ಯುರೇನಿಯಂ ತುಂಬಿದ 19 ಕಡ್ಡಿಗಳು. ಹೈದರಾಬಾದಿನ ಇಂಧನ ಸಂಕೀರ್ಣದಲ್ಲಿ ತಯಾರಾಗಿ ಬರುವ ಕಟ್ಟುಗಳಿವು. ಘಟಕ ಪೂರ್ಣ ವೇಗದಲ್ಲಿರುವಾಗಲೇ ಎರಡು ಯಂತ್ರಗಳು ಒಂದೇ ಕೊಳವೆಯ ಎರಡು ತುದಿಗೆ ಬಂದು ಕಚ್ಚಿ ಹಿಡಿಯುತ್ತವೆ. ಒಳಗೆ ಹರಿಯುವ ಭಾರಜಲ 290 ಡಿಗ್ರಿಯ ಆಸುಪಾಸು, ಒತ್ತಡವೂ ಭಾರೀ. ಒಂದು ಹನಿಯೂ ಸೋರದಂತೆ ಮುಚ್ಚಳ ಬಿಚ್ಚಿ, ಈ ತುದಿಯ ಯಂತ್ರ ಹೊಸ ಕಟ್ಟುಗಳನ್ನು ತಳ್ಳುತ್ತದೆ, ಆ ತುದಿಯ ಯಂತ್ರ ಉರಿದ ಕಟ್ಟುಗಳನ್ನು ತೆಗೆದುಕೊಳ್ಳುತ್ತದೆ. ಮುಚ್ಚಳ ಮತ್ತೆ ಬೀಳುತ್ತದೆ. ಉರಿದವು ನೀರಿನ ಕೊಳಕ್ಕೆ ಹೋಗುತ್ತವೆ. ದಿನಕ್ಕೆ ಸರಾಸರಿ ಎಂಟು ಕಟ್ಟಿನಂತೆ, ಎರಡೂವರೆ ವರ್ಷಕ್ಕೂ ಮಿಕ್ಕಿ ಈ ಕೆಲಸ ನಡೆಯುತ್ತಲೇ ಇತ್ತು. ಮನುಷ್ಯ ಕಾಲಿಡಲಾಗದ ಕೋಣೆಯಲ್ಲಿ, ದೂರದಲ್ಲಿ ಕುಳಿತವರ ಕೈಚಳಕದಲ್ಲಿ. ಒಂದು ಯಂತ್ರ ಕೊಳವೆಗೆ ಕಚ್ಚಿದ ಸ್ಥಿತಿಯಲ್ಲಿ ಸಿಕ್ಕಿಹಾಕಿಕೊಂಡರೂ ದಾಖಲೆ ಅಲ್ಲಿಗೇ ಮುಗಿಯಬಹುದಿತ್ತು.

ಈ ತಂತ್ರದ ಮೂಲ ಕೆನಡಾದ್ದು. ರಾಜಸ್ಥಾನದ ರಾವತಭಾಟಾದಲ್ಲಿ ಮೊದಲ ರಿಯಾಕ್ಟರುಗಳನ್ನು ಕಟ್ಟಲು ಭಾರತಕ್ಕೆ ಕೈಜೋಡಿಸಿದ್ದ ಕೆನಡಾ 1974ರ ಪೋಖರಣ್ ಅಣು ಪರೀಕ್ಷೆಯ ನಂತರ ಸಹಕಾರ ನಿಲ್ಲಿಸಿತು. ಅಲ್ಲಿಂದ ಮುಂದಿನದನ್ನು ಇಲ್ಲಿಯವರೇ ಮಾಡಿಕೊಳ್ಳಬೇಕಾಯಿತು. ಆದ್ದರಿಂದ ಪಿಕರಿಂಗ್‌ನ ದಾಖಲೆಯನ್ನು ಕೈಗಾ ಮುರಿದಾಗ, ಕೈಬಿಟ್ಟು ಹೋದವರ ಅಂಗಳದ ಆಟದಲ್ಲೇ ಗೆದ್ದ ಸಂತೋಷ ನಮ್ಮ ಎಂಜಿನಿಯರುಗಳಿಗೆ ಆಗಿದ್ದರೆ ಅದು ಸಹಜ. ಕೈಗಾಕ್ಕೂ ಮೊದಲು, 2014ರಲ್ಲಿ, ರಾವತಭಾಟಾದ ಐದನೇ ಘಟಕ 765 ದಿನ ಓಡಿ ಜಗತ್ತಿನ ಗಮನ ಸೆಳೆದಿತ್ತು. ಕೈಗಾದ ದಾಖಲೆ ಒಂದು ದಿನದ ಅದೃಷ್ಟವಾಗಿರಲಿಲ್ಲ, ಒಂದು ಸಂಸ್ಥೆಯ ಹಲವು ವರ್ಷಗಳ ಅಭ್ಯಾಸದ ಫಲವಾಗಿತ್ತು.

ಆ ಅಭ್ಯಾಸ ಬಿದ್ದು ಕಲಿತದ್ದು. ಇದೇ ಒಂದನೇ ಘಟಕದ ಕತೆಯಲ್ಲಿ ಇನ್ನೊಂದು ಮೇ 13 ಇದೆ. 1994ರ ಮೇ 13ರಂದು, ಕಟ್ಟಡ ಇನ್ನೂ ಏಳುತ್ತಿದ್ದಾಗ, ರಿಯಾಕ್ಟರಿನ ಒಳಗುಮ್ಮಟದ ಕಾಂಕ್ರೀಟು ಪದರ ಬಿಟ್ಟು ಕೆಳಗೆ ಕುಸಿಯಿತು. ಕೆಲಸಗಾರರು ಗಾಯಗೊಂಡರು. ಇಂಧನ ತುಂಬುವ ಹಂತ ಇನ್ನೂ ದೂರವಿದ್ದದ್ದರಿಂದ ವಿಕಿರಣದ ಅಪಾಯವಿರಲಿಲ್ಲ. ಆದರೆ ಅಪಘಾತದ ದಿನ ಜನರನ್ನು ಕಾಯಬೇಕಾದ ಗುಮ್ಮಟವೇ ತಾನಾಗಿ ಬಿದ್ದದ್ದು ಸಣ್ಣ ಸಂಗತಿಯಾಗಿರಲಿಲ್ಲ. ಗುಮ್ಮಟದ ಕಾಂಕ್ರೀಟಿನೊಳಗೆ ಉಕ್ಕಿನ ಕೇಬಲ್‌ಗಳನ್ನು ಹಾಯಿಸಿ ಬಿಗಿಯಾಗಿ ಎಳೆಯುತ್ತಾರೆ. ಬಾಗಿದ ಕೇಬಲ್ ಬಿಗಿದಂತೆಲ್ಲ ಒಳಮುಖವಾಗಿ ಒತ್ತುತ್ತದೆ, ಕಾಂಕ್ರೀಟಿನ ದಪ್ಪವನ್ನು ಪದರಪದರವಾಗಿ ಬಿಡಿಸಲು ನೋಡುತ್ತದೆ. ಅದನ್ನು ಅಡ್ಡಲಾಗಿ ಹಿಡಿದಿಡುವ ಕಬ್ಬಿಣ ಅಲ್ಲಿ ಸಾಲದಾಗಿತ್ತು. ವಿನ್ಯಾಸ ಬದಲಾಯಿತು, ಅಡ್ಡ ಕಬ್ಬಿಣ ಸೇರಿತು, ಹೆಚ್ಚು ಬಲದ ಕಾಂಕ್ರೀಟು ಬಂತು. ಇದಕ್ಕೆಲ್ಲ ವರ್ಷಗಳೇ ಹಿಡಿದವು. ಎರಡನೇ ಘಟಕ 2000ದ ಮಾರ್ಚಿನಲ್ಲಿ ವಾಣಿಜ್ಯ ಉತ್ಪಾದನೆ ಶುರುಮಾಡಿತು, ಒಂದನೆಯದಕ್ಕೆ ಅದೇ ವರ್ಷದ ನವೆಂಬರ್ ಬೇಕಾಯಿತು. ಅಣ್ಣನಾಗಬೇಕಾದ್ದು ತಮ್ಮನಾಗಿ ಬಂತು. ಗುಮ್ಮಟ ಬಿದ್ದ ತಾರೀಖಿನಂದೇ, ಸರಿಯಾಗಿ 22 ವರ್ಷಗಳ ನಂತರ, ಆ ಘಟಕ ತನ್ನ ದಾಖಲೆಯ ಓಟ ಆರಂಭಿಸಿತು. ತಾರೀಖು ಕೂಡಿಬಂದದ್ದು ಕಾಕತಾಳೀಯ. ಬಿದ್ದದ್ದನ್ನು ಬಚ್ಚಿಡದೆ ಬಿಚ್ಚಿ ನೋಡಿ ಮತ್ತೆ ಕಟ್ಟಿದ್ದು ಮಾತ್ರ ಕಾಕತಾಳೀಯವಲ್ಲ. ನನ್ನ ಮಟ್ಟಿಗೆ ಕೈಗಾದ ದೊಡ್ಡ ಸಾಧನೆ ಅದೇ.

ವಿದ್ಯುತ್ ಸ್ಥಾವರಗಳಿಗೆ ಪ್ರಶಸ್ತಿಗಳು ಬೇರೆ ಬೇರೆ ದಿಕ್ಕಿನಿಂದ ಬರುತ್ತವೆ. ಎಷ್ಟು ಉತ್ಪಾದಿಸಿದಿರಿ ಎಂದು ಒಬ್ಬರು ಅಳೆದರೆ, ಕಾರ್ಮಿಕರನ್ನು ಎಷ್ಟು ಸುರಕ್ಷಿತವಾಗಿ ನೋಡಿಕೊಂಡಿರಿ ಎಂದು ಇನ್ನೊಬ್ಬರು ಅಳೆಯುತ್ತಾರೆ. 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿ ಅಣುಶಕ್ತಿ ಇಲಾಖೆಯ ಘಟಕಗಳಿಗೆ ಕೈಗಾರಿಕಾ ಸುರಕ್ಷತೆ, ಅಗ್ನಿ ಸುರಕ್ಷತೆ, ಹಸಿರು ಆವರಣ ಎಂದು ಪ್ರಶಸ್ತಿಗಳನ್ನು ಕೊಡುತ್ತದೆ. ಚೆರ್ನೋಬಿಲ್ ದುರಂತದ ನಂತರ 1989ರಲ್ಲಿ ಹುಟ್ಟಿದ, ಅಣು ಸ್ಥಾವರ ನಡೆಸುವವರ ಜಾಗತಿಕ ಸಂಘವಾದ ವಾನೊದಲ್ಲಿ ಒಂದು ದೇಶದ ಸ್ಥಾವರದವರು ಇನ್ನೊಂದು ದೇಶದ ಸ್ಥಾವರಕ್ಕೆ ಹೋಗಿ ಪರಿಶೀಲಿಸುತ್ತಾರೆ.  ಇವೆಲ್ಲ ಒಳ್ಳೆಯವೇ. ಆದರೆ ಸುರಕ್ಷತೆಯ ಪ್ರಶಸ್ತಿ ಗೋಡೆಯ ಮೇಲಿದ್ದರೆ ಸಾಲದು ಎಂಬುದನ್ನೂ ಕೈಗಾ ಕಂಡಿದೆ. 2009ರ ನವೆಂಬರಿನಲ್ಲಿ ಅಲ್ಲಿನ ಕುಡಿಯುವ ನೀರಿನ ಕೂಲರೊಂದರಲ್ಲಿ ವಿಕಿರಣ ಸೂಸುವ ಟ್ರಿಟಿಯಂ ಬೆರೆತ ಭಾರಜಲ ಸೇರಿತ್ತು, ಹಲವು ನೌಕರರ ದೇಹದಲ್ಲಿ ಟ್ರಿಟಿಯಂ ಪ್ರಮಾಣ ಹೆಚ್ಚಿದ್ದು ಮೂತ್ರ ಪರೀಕ್ಷೆಯಲ್ಲಿ ಕಂಡುಬಂತು. ಒಳಗಿನವರೇ ಯಾರೋ ಮಾಡಿದ ಕೃತ್ಯವೆಂದು ನಿಗಮ ಹೇಳಿತು. ಪರೀಕ್ಷೆ ವಾಡಿಕೆಯಾಗಿ ನಡೆಯುತ್ತಿದ್ದರಿಂದಲೇ ಅದು ಬೆಳಕಿಗೆ ಬಂತೆಂಬುದು ಸಮಾಧಾನ. ನಡೆದೇ ನಡೆಯಿತೆಂಬುದು ಆತಂಕ.

ದಾಖಲೆಯ ಕೀರ್ತಿಯನ್ನು ಕೈಗಾದ ಗೇಟಿನೊಳಗಷ್ಟೇ ಇಡುವುದೂ ನ್ಯಾಯವಲ್ಲ. ಅಣು ಘಟಕವೊಂದು ನಿಲ್ಲಲು ಅದರದೇ ದೋಷ ಬೇಕಿಲ್ಲ. ಹೊರಗಿನ ಗ್ರಿಡ್ ಹದ ತಪ್ಪಿದರೂ ಸಾಕು, ಟ್ರಿಪ್ ಆಗುತ್ತದೆ. ನಮ್ಮ ಗ್ರಿಡ್‌ನ ಆವರ್ತನ 50 ಹರ್ಟ್ಸ್ ಆಸುಪಾಸಿನಲ್ಲಿರಬೇಕು. ಬೇಡಿಕೆ ಏರಿ ಉತ್ಪಾದನೆ ಸಾಲದಾದರೆ ಅದು ಕುಸಿಯುತ್ತದೆ. ದಕ್ಷಿಣ ಭಾರತದ ಗ್ರಿಡ್ ಬಹಳ ಕಾಲ ಒಂಟಿಯಾಗಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗ ಚಾಲನೆಗೊಂಡು ದಕ್ಷಿಣದ ಗ್ರಿಡ್ ದೇಶದ ಗ್ರಿಡ್‌ನೊಂದಿಗೆ ಒಂದೇ ಲಯಕ್ಕೆ ಸೇರಿತು. ಕೈಗಾದ ಓಟ ಶುರುವಾದದ್ದು ಅದಾದ ಎರಡೂವರೆ ವರ್ಷದ ಆಜೂಬಾಜು. ಆ ಜೋಡಣೆಯಾಗದೆ ಇದ್ದಿದ್ದರೆ 962 ದಿನ ಸಾಧ್ಯವಾಗುತ್ತಿತ್ತೆಂದು ನನಗೆ ಅನಿಸುವುದಿಲ್ಲ. ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ರಾತ್ರಿ ಪಾಳಿ ಮಾಡಿದವರಿಗೆ, ಮಳೆಯಲ್ಲಿ ಟವರ್ ಕೆಳಗಿನ ಕೊಂಬೆ ಕಡಿದವರಿಗೆ ಯಾವ ಫಲಕವೂ ಸಿಕ್ಕಿಲ್ಲ.

ಫಲಕವಿರಲಿ, ಸರಿಯಾದ ನೆಲೆಯೂ ಸಿಗದವರಿದ್ದಾರೆ. ಕಾಳಿ ಕಣಿವೆ ವಿದ್ಯುತ್ತಿಗಾಗಿ ಕೊಟ್ಟಷ್ಟು ಕೊಟ್ಟ ಕಣಿವೆಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ. ಸೂಪಾ ಅಣೆಕಟ್ಟಿಗೆ ಸೂಪಾ ಎಂಬ ಊರೇ ಮುಳುಗಿತು. ಅಲ್ಲಿಂದ ಎದ್ದು ಬಂದವರಲ್ಲಿ ಹಲವರು ನಮ್ಮ ಖಾನಾಪುರದ ಗಡಿಗೆ ಹತ್ತಿರದ ರಾಮನಗರದಲ್ಲಿ ನೆಲೆ ನಿಂತರು. ಕೊಡಸಳ್ಳಿ, ಕದ್ರಾ, ಆಮೇಲೆ ಕೈಗಾ, ಹೀಗೆ ಒಂದರ ಮೇಲೊಂದು ಬಂದವು. ಶಿವರಾಮ ಕಾರಂತರು ಕೈಗಾವನ್ನು ಬಹಿರಂಗವಾಗಿ ವಿರೋಧಿಸಿದರು, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತೂ ನೋಡಿದರು. ಗೆಲ್ಲಲಿಲ್ಲ. ಆದರೆ ಅಂದು ಕೈಗಾ ವಿರೋಧಿ ಚಳವಳಿ ಕೇಳಿದ ಸುರಕ್ಷತೆಯ ಪ್ರಶ್ನೆಗಳು ಸ್ಥಾವರವನ್ನು ಸದಾ ಜನರ ಕಣ್ಣಿನ ಕೆಳಗಿಟ್ಟವು. ಕಣ್ಣಿಟ್ಟವರಿದ್ದಲ್ಲಿ ಕೆಲಸ ಚೊಕ್ಕವಾಗುತ್ತದೆ. ಕೈಗಾದ ಮನ್ನಣೆಯ ಲೆಕ್ಕ ಬರೆಯುವಾಗ ಆ ವಿರೋಧಿಗಳ ಪಾಲನ್ನೂ ಜಮೆಗೆ ಹಿಡಿಯಬೇಕೆಂದು ನಾನು ನಂಬಿದ್ದೇನೆ.

ಈಗ ನಮ್ಮ ಕಡೆಯೂ ವಿದ್ಯುತ್ತಿನ ಚಿತ್ರ ಬದಲಾಗುತ್ತಿದೆ. ಸವದತ್ತಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿವೆ. ಮುನವಳ್ಳಿಯಂಥ ಕಡೆ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಉರಿಸಿ ಹಂಗಾಮಿನಲ್ಲಿ ಗ್ರಿಡ್‌ಗೆ ಕರೆಂಟು ಕೊಡುತ್ತವೆ. ನವಿಲುತೀರ್ಥದ ರೇಣುಕಾ ಸಾಗರದ ನೀರನ್ನು ಬಿಸಿಲು–ಗಾಳಿಯ ವಿದ್ಯುತ್ ಹೇರಳವಿರುವಾಗ ಮೇಲೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವ ಪಂಪ್ಡ್ ಸ್ಟೋರೇಜ್ ಯೋಜನೆಯೂ ಇದೆ. ಗಾಳಿ ಬೀಸಿದಾಗ ಬೀಸುತ್ತದೆ, ಕಬ್ಬು ನುರಿಸುವ ಹಂಗಾಮು ಮುಗಿಯುತ್ತದೆ. ಹಾಗಾಗಿ ಹಗಲು ರಾತ್ರಿ ಒಂದೇ ಸಮ ಕೊಡುವ ಸ್ಥಾವರದ ಅಗತ್ಯ ಇನ್ನೂ ತೀರಿಲ್ಲ.

ಕೈಗಾದ 962 ದಿನಗಳ ದಾಖಲೆ ಈಗ ಉಳಿದಿಲ್ಲ. ಕೆನಡಾದ ಒಂಟಾರಿಯೊದ ಡಾರ್ಲಿಂಗ್ಟನ್ ಒಂದನೇ ಘಟಕ 2020ರ ಸೆಪ್ಟೆಂಬರಿನಲ್ಲಿ ಅದನ್ನು ದಾಟಿ, 2021ರ ಫೆಬ್ರುವರಿಯಲ್ಲಿ ನಿಂತಾಗ 1,106 ದಿನ ಪೂರೈಸಿತ್ತು. ಅದೂ ಭಾರಜಲದ ರಿಯಾಕ್ಟರೇ. ಕೈಗಾ ಬಯಸಿದ್ದರೆ ಇನ್ನಷ್ಟು ದಿನ ಎಳೆಯಬಹುದಿತ್ತೇನೋ. ಎಳೆಯಲಿಲ್ಲ. ತಪಾಸಣೆ, ದುರಸ್ತಿಯ ಸಮಯ ಬಂದಿತ್ತು, ವರ್ಷದ ಕೊನೆಯ ದಿನ ಘಟಕವನ್ನು ನಿಲ್ಲಿಸಿದರು. ಅಲ್ಲಿ ಮುಂದೆ ಬರಲಿರುವ ಐದು ಮತ್ತು ಆರನೇ ಘಟಕಗಳು ತಲಾ 700 ಮೆಗಾವಾಟ್‌ನವು. ಅದೇ ಮಾದರಿಯ ಮೊದಲ ಘಟಕ ಗುಜರಾತಿನ ಕಾಕ್ರಾಪಾರದಲ್ಲಿ 2023ರ ಜೂನ್ 30ರಿಂದ ವಾಣಿಜ್ಯ ಉತ್ಪಾದನೆಯಲ್ಲಿದೆ. ಈ ಹೊಸ ವಿನ್ಯಾಸದಲ್ಲಿ 392 ಇಂಧನ ಕೊಳವೆಗಳಿವೆ, ಮತ್ತು ಒಳಗುಮ್ಮಟದ ಕಾಂಕ್ರೀಟಿಗೆ ಒಳಮೈಯಲ್ಲಿ ಉಕ್ಕಿನ ಹೊದಿಕೆ ಇದೆ.