ಸೀಗೆಕಾಯಿ ಇಲ್ಲೂ ಸಿಗುತ್ತದೆ, ಹೆಸರು ಬೇರೆ ಅಷ್ಟೇ



ಊರಿನಿಂದ ಯಾರಾದರೂ ಬರುತ್ತಾರೆ ಎಂದರೆ ನಮ್ಮಲ್ಲಿ ಹಲವರು ಮೊದಲು ಹೇಳುವ ಮಾತು, "ಬರುವಾಗ ಒಂದು ಕೆಜಿ ಸೀಗೆಪುಡಿ ತಂದುಬಿಡಿ." ಚಟ್ನಿಪುಡಿ, ಹಪ್ಪಳದ ಜೊತೆಗೆ ಅದೂ ಬ್ಯಾಗಿನಲ್ಲಿ ಬರುತ್ತದೆ. ಮುಗಿದ ಮೇಲೆ ಮತ್ತೆ ಶಾಂಪೂ. ಇಲ್ಲವೇ ಹಸಿರು ಎಲೆಯ ಚಿತ್ರ ಹಾಕಿ 'ನ್ಯಾಚುರಲ್', 'ಹರ್ಬಲ್' ಎಂದು ಬರೆದ ದುಬಾರಿ ಬಾಟಲಿ. ಅದರ ಹಿಂಭಾಗದ ಸಣ್ಣಕ್ಷರ ಓದಿದರೆ ಸೀಗೆಕಾಯಿ ಪಟ್ಟಿಯ ಕೊನೆಯಲ್ಲೆಲ್ಲೋ ಇರುತ್ತದೆ. ಪಟ್ಟಿಯಲ್ಲಿ ಮೊದಲು ಬರುವುದು ಹೆಚ್ಚು ಪ್ರಮಾಣದಲ್ಲಿರುವ ವಸ್ತು, ಕೊನೆಗೆ ಬರುವುದು ಹೆಸರಿಗೆ ಮಾತ್ರ ಹಾಕಿದ್ದು. ಇದೊಂದು ನೆನಪಿಟ್ಟುಕೊಂಡರೆ ಅರ್ಧ ದುಡ್ಡು ಉಳಿಯುತ್ತದೆ.

ನಿಜ ಹೇಳಬೇಕೆಂದರೆ ನಿಮಗೆ ಬೇಕಾದ ಸಾಮಾನೆಲ್ಲ ನೀವಿರುವ ಊರಿನಲ್ಲೇ ಇದೆ, ಕಡಿಮೆ ಬೆಲೆಗೇ ಇದೆ. ಯಾವ ಅಂಗಡಿಗೆ ಹೋಗಬೇಕು, ಯಾವ ಹೆಸರಿನಲ್ಲಿ ಕೇಳಬೇಕು ಎಂಬುದಷ್ಟೇ ಗೊತ್ತಿರಬೇಕು. ನಾನು ಹೈದರಾಬಾದಿಗೆ ಬಂದ ಹೊಸದರಲ್ಲಿ ಅಂಗಡಿಯಲ್ಲಿ "ಅಂಟುವಾಳಕಾಯಿ" ಎಂದು ಕೇಳಿದೆ. ಅಂಗಡಿಯವರ ಕಿವಿಗೆ "ಅಂಟು" ಮಾತ್ರ ಬಿದ್ದು, ಮಕ್ಕಳು ಕಾಗದ ಅಂಟಿಸುವ ಗಮ್ ಬಾಟಲಿ ತಂದಿಟ್ಟರು! ಅಂಟುವಾಳದ ಮೂಟೆ ಬಾಗಿಲಲ್ಲೇ ಇತ್ತು. ಅದಕ್ಕೆ ಅಲ್ಲಿ ಕುಂಕುಡುಕಾಯ ಎನ್ನುತ್ತಾರೆ.

*ಎಲ್ಲಿ ಏನೆಂದು ಕೇಳಬೇಕು?*

ನಮ್ಮೂರಿನ ಗ್ರಂಧಿಗೆ ಅಂಗಡಿಯಂಥದ್ದು ಎಲ್ಲ ಕಡೆಯೂ ಉಂಟು. ಸೂಪರ್ ಮಾರ್ಕೆಟ್ಟಿನಲ್ಲಿ ಹುಡುಕಬೇಡಿ.

ಚೆನ್ನೈಯಲ್ಲಿರುವವರು ಪುಣ್ಯವಂತರು. ಅಲ್ಲಿ ಬಡಾವಣೆಗೊಂದು "ನಾಟ್ಟು ಮರುಂದು ಕಡೈ" ಇರುತ್ತದೆ. ಪಾರ್ಕ್ ಟೌನಿನ ರಾಸಪ್ಪ ಚೆಟ್ಟಿ ಬೀದಿ ಇದಕ್ಕೇ ಹೆಸರುವಾಸಿ. ಸೀಗೆಕಾಯಿಗೆ ಸೀಯಕ್ಕಾಯ್, ಅಂಟುವಾಳಕ್ಕೆ ಪೂಂದಿಕೊಟ್ಟೈ, ಕಸ್ತೂರಿ ಅರಿಶಿನಕ್ಕೆ ಕಸ್ತೂರಿ ಮಂಜಳ್, ಕಚೋರಕ್ಕೆ ಪೂಲಾಂಗಿಳಂಗು, ಲಾವಂಚಕ್ಕೆ ವೆಟ್ಟಿವೇರ್ ಎಂದು ಕೇಳಿ. ಮೈಸೂರು ಕಡೆಯವರು ಹಂಬಲಿಸುವ ಚಿಗರೆಪುಡಿ ಇದೆಯಲ್ಲ, ಅದೇ ಅಲ್ಲಿ "ಅರಪ್ಪು". ಎಣ್ಣೆ ಜಿಡ್ಡು ತೆಗೆಯುವುದರಲ್ಲಿ ಸೀಗೆಗಿಂತ ಮೃದು, ಕೂದಲು ಒರಟಾಗುವುದಿಲ್ಲ.

ಹೈದರಾಬಾದಿನಲ್ಲಿ ಬೇಗಂ ಬಜಾರಿಗೆ ಹೋದರೆ ಎಲ್ಲವೂ ಸಗಟು ಬೆಲೆಗೆ. ಶೀಕಾಯ, ಕುಂಕುಡುಕಾಯ, ಕಚ್ಚೂರಾಲು, ವಟ್ಟಿವೇರು. ಹೆಸರುಬೇಳೆಗೆ ಪೆಸರಪಪ್ಪು, ಕಡಲೆಹಿಟ್ಟಿಗೆ ಸೆನಗಪಿಂಡಿ. ನಾವು ಮೈಗೆ ಹಚ್ಚುವ ಹಿಟ್ಟನ್ನು ಅವರು ಸುನ್ನಿಪಿಂಡಿ ಎನ್ನುತ್ತಾರೆ.

ಮುಂಬಯಿ, ಪುಣೆಯವರು "ಕಾಷ್ಠೌಷಧಿ" ಎಂದು ಬೋರ್ಡ್ ಹಾಕಿದ ಅಂಗಡಿ ನೋಡಿಕೊಳ್ಳಿ. ಶಿಕೇಕಾಯಿ, ರಿಠಾ, ಗವ್ಹಲಾ ಕಚೋರಾ, ವಾಳಾ. ದೀಪಾವಳಿ ಹೊತ್ತಿಗೆ "ಉಟಣೆ" ಎಂಬ ಪುಡಿ ಎಲ್ಲ ಕಡೆ ಬರುತ್ತದೆ. ನಮ್ಮ ಸ್ನಾನದ ಪುಡಿಯ ಅಕ್ಕತಂಗಿ ಎನ್ನಬಹುದು. ಮಾಟುಂಗಾದ ದಕ್ಷಿಣದ ಅಂಗಡಿಗಳಲ್ಲಿ ಸೀಗೆಕಾಯಿ ಎಂದರೂ ನಡೆಯುತ್ತದೆ. ದೆಹಲಿಯಲ್ಲಿ ಪನ್ಸಾರಿ ಅಂಗಡಿ, ದೊಡ್ಡ ಪ್ರಮಾಣಕ್ಕೆ ಖಾರಿ ಬಾವ್ಲಿ. ಅಲ್ಲಿ ಶಿಕಾಕಾಯಿ, ರೀಠಾ, ಖಸ್.

ಪುಡಿಗಿಂತ ಇಡೀ ಕಾಯಿ ತೆಗೆದುಕೊಳ್ಳಿ. ಅಗ್ಗವೂ ಹೌದು, ಕಲಬೆರಕೆ ಮಾಡುವುದೂ ಕಷ್ಟ. ಪ್ಯಾಕೆಟ್ಟಿನ ಪುಡಿಯೇ ಬೇಕೆಂದರೆ ದೊಡ್ಡಕ್ಷರದ ಎಂಆರ್‌ಪಿ ನೋಡಬೇಡಿ. ಈಗ ಗ್ರಾಂಗೆ ಎಷ್ಟು ರೂಪಾಯಿ ಎಂಬುದನ್ನೂ ಮುದ್ರಿಸಬೇಕೆಂಬ ನಿಯಮವಿದೆ, ಅದನ್ನು ಹೋಲಿಸಿ ನೋಡಿ. 50 ಗ್ರಾಂನ ಚಂದದ ಡಬ್ಬಿಗೂ ಅರ್ಧ ಕೆಜಿ ಸಾದಾ ಪ್ಯಾಕೆಟ್ಟಿಗೂ ಎಷ್ಟು ವ್ಯತ್ಯಾಸ ಎಂದು ಆಗ ತಿಳಿಯುತ್ತದೆ.

*ಊರಿನ ಸೋಪು ಇಲ್ಲಿ ಯಾಕೆ ನೊರೆ ಬರುವುದಿಲ್ಲ?*

ಈ ದೂರು ಬಹಳ ಜನರದು. "ಊರಲ್ಲಿ ಇದೇ ಸೋಪು, ಇಲ್ಲಿ ತಲೆ ಅಂಟಂಟು." ತಪ್ಪು ಸೋಪಿನದಲ್ಲ, ನೀರಿನದು. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಹೆಚ್ಚಾಗಿ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನೊಂದಿಗೆ ಸೇರಿ ಬಿಳಿ ಗಸಿಯಾಗುತ್ತದೆ. ಬಕೆಟ್ಟಿನ ಒಳಗೆ ಕೂರುವ ಬಿಳಿ ಪದರ ನೋಡಿದ್ದೀರಲ್ಲ, ಅದೇ ಕೂದಲ ಮೇಲೂ ಕೂರುತ್ತದೆ. ಸೀಗೆಕಾಯಿ, ಅಂಟುವಾಳದಲ್ಲಿ ನೊರೆ ಬರಿಸುವುದು ಸಪೋನಿನ್ ಎಂಬ ಬೇರೆಯೇ ವಸ್ತು. ಗಡಸು ನೀರಿನಲ್ಲಿ ಅದು ಹೀಗೆ ಗಸಿ ಕಟ್ಟುವುದಿಲ್ಲ. ಅಲ್ಲದೆ ಸೋಪು ಕ್ಷಾರ, ಸೀಗೆಕಾಯಿ ತುಸು ಹುಳಿ ಗುಣದ್ದು. ನಮ್ಮ ಚರ್ಮವೂ ಹಾಗೇ, ತುಸು ಹುಳಿ. ಹಾಗಾಗಿ ತಲೆಗೆ ಸೋಪು ಬೇಡವೇ ಬೇಡ.

ಆದರೆ ಫ್ಲ್ಯಾಟಿನ ಬಾತ್‌ರೂಮಿನಲ್ಲಿ ಸೀಗೆಪುಡಿ ಕಲಸಿ ತಲೆಗೆ ಎರೆದುಕೊಂಡರೆ ಎರಡು ತಾಪತ್ರಯ. ಪುಡಿ ಕೂದಲಲ್ಲೇ ಉಳಿಯುತ್ತದೆ, ನೀರು ಹೋಗುವ ಜಾಲರಿಯೂ ಕಟ್ಟಿಕೊಳ್ಳುತ್ತದೆ. ಆಮೇಲೆ ಕೆಳಮನೆಯವರ ಜೊತೆ ಜಗಳ. ಅದಕ್ಕೆ ಕಷಾಯವೇ ಸರಿ. ಒಬ್ಬರಿಗೆ ಎಂಟು ಹತ್ತು ಸೀಗೆಕಾಯಿ, ಬೀಜ ತೆಗೆದ ನಾಲ್ಕೈದು ಅಂಟುವಾಳ, ಒಂದು ಚಮಚ ಮೆಂತ್ಯ ಇಷ್ಟನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿಡಿ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಕೈಯಿಂದ ಕಿವುಚಿ, ಹಳೆ ಪಂಚೆಯ ತುಂಡಿನಲ್ಲಿ ಸೋಸಿ. ಉಳಿದದ್ದು ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ. ಅದಕ್ಕಿಂತ ಹೆಚ್ಚು ಇಡಬೇಡಿ. ಇದರಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಇಲ್ಲ ಎಂಬುದೇ ಇದರ ಗುಣ, ಅದೇ ಇದರ ದೋಷ. ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ.

ಕಣ್ಣಿಗೆ ಬಿದ್ದರೆ ಚೆನ್ನಾಗಿ ಉರಿಯುತ್ತದೆ, ಅದರಲ್ಲೂ ಅಂಟುವಾಳ. ಚಿಕ್ಕ ಮಕ್ಕಳಿಗೆ ಅಂಟುವಾಳ ಹಾಕದೆ ಮಾಡಿ. ಕಣ್ಣಿಗೆ ಹೋದರೆ ಉಜ್ಜದೆ ತಣ್ಣೀರಿನಿಂದ ಹತ್ತು ನಿಮಿಷ ತೊಳೆಯಿರಿ. ವಾರಕ್ಕೆ ಒಂದು ಸಲ ಸಾಕು, ಹೆಚ್ಚಾದರೆ ಕೂದಲು ಒಣಗುತ್ತದೆ. ಇನ್ನೊಂದು ಮಾತು. ಶಾಂಪೂ ವಿಷವೇನಲ್ಲ. ದಿನಾ ಲೋಕಲ್ ಟ್ರೈನಿನಲ್ಲಿ ಬೆವರುವವರು ಕಷಾಯ ಕುದಿಸುತ್ತಾ ಕೂರಲಾರರು, ಮಧ್ಯೆ ಸಾದಾ ಶಾಂಪೂ ಸ್ವಲ್ಪ ನೀರು ಬೆರೆಸಿ ಹಾಕಿಕೊಂಡರೆ ತೊಂದರೆಯಿಲ್ಲ. ಹೊಟ್ಟು ಜಾಸ್ತಿ ಇದ್ದರೆ ಸೀಗೆಕಾಯಿಯನ್ನೇ ನಂಬಿ ಕೂರಬೇಡಿ, ಅದಕ್ಕೆ ಔಷಧದ ಶಾಂಪೂ ಬೇಕಾಗುತ್ತದೆ.

*ಮೈಗೆ*

ಅರ್ಧ ಕೆಜಿ ಹೆಸರುಕಾಳು, 50 ಗ್ರಾಂ ಕಚೋರ, 25 ಗ್ರಾಂ ಕಸ್ತೂರಿ ಅರಿಶಿನ, ಒಂದು ಹಿಡಿ ಲಾವಂಚದ ಬೇರು, ಸಿಕ್ಕರೆ ಒಣಗಿದ ಗುಲಾಬಿ ಎಸಳು. ಚೆನ್ನಾಗಿ ಒಣಗಿಸಿ ನುಣ್ಣಗೆ ಬೀಸಿಸಿ ಜರಡಿ ಹಿಡಿಯಿರಿ. ಗಿರಣಿಯವರನ್ನು ಮೊದಲೇ ಕೇಳಿಕೊಳ್ಳಿ, ಹಿಂದಿನ ಗಿರಾಕಿ ಮೆಣಸಿನಕಾಯಿ ಬೀಸಿಸಿಕೊಂಡು ಹೋಗಿದ್ದರೆ ಸ್ನಾನ ಮರೆಯಲಾರದಂತಾಗುತ್ತದೆ! ಕಸ್ತೂರಿ ಅರಿಶಿನ ಎಂದು ಹಳದಿ ಕಚೋರ ಕೊಡುವುದು ಸಾಮಾನ್ಯ. ನಿಜವಾದದ್ದನ್ನು ಮುರಿದರೆ ಒಳಗೆ ತಿಳಿ ಕೆನೆ ಬಣ್ಣ, ಕರ್ಪೂರದಂಥ ಪರಿಮಳ. ಅಡುಗೆ ಅರಿಶಿನದ ಹಾಗೆ ಮೈ ಹಳದಿಯಾಗುವುದಿಲ್ಲ.

ಮುಂಬಯಿ, ಚೆನ್ನೈಯವರು ಇದನ್ನು ಏಪ್ರಿಲ್, ಮೇ ಬಿಸಿಲಿನಲ್ಲಿ ಮಾಡಿಕೊಳ್ಳಿ. ಮಳೆಗಾಲದಲ್ಲಿ ಎರಡು ವಾರಕ್ಕಾಗುವಷ್ಟು ಮಾತ್ರ ಬಾತ್‌ರೂಮಿನ ಡಬ್ಬಿಗೆ ಹಾಕಿ, ಉಳಿದದ್ದು ಒಣಗಿದ ಜಾಗದಲ್ಲಿರಲಿ. ಒದ್ದೆ ಕೈ ಹಾಕಿದರೆ ಬೂಷ್ಟು ಬರುತ್ತದೆ. ಬೂಷ್ಟು ಬಂದ ಪುಡಿಯನ್ನು ಬಿಸಿಲಿಗಿಟ್ಟು ಮತ್ತೆ ಬಳಸಬೇಡಿ.

ಮೊಡವೆ ಇರುವ ಮುಖಕ್ಕೆ, ಎಕ್ಸಿಮಾ ಇರುವ ಚರ್ಮಕ್ಕೆ ಯಾವ ಹಿಟ್ಟನ್ನೂ ಉಜ್ಜಬೇಡಿ. ಹಸುಗೂಸಿನ ಮೈಕೂದಲು ಹೋಗಲೆಂದು ಕಡಲೆಹಿಟ್ಟು ತಿಕ್ಕುವುದು ನಮ್ಮ ಅಜ್ಜಿಯಂದಿರ ರೂಢಿ, ಆದರೆ ಅದು ತಾನಾಗಿಯೇ ಉದುರುವ ಕೂದಲು. ಮಗುವಿನ ಚರ್ಮ ಗೀಚಿಸುವುದೇಕೆ?

ಸೋಪೇ ಬೇಕೆನ್ನುವವರು ಹೊದಿಕೆಯ ಮೇಲೆ ಎರಡು ಸಂಗತಿ ನೋಡಿ. 'ಟಾಯ್ಲೆಟ್ ಸೋಪ್' ಎಂದಿದೆಯೋ 'ಬಾತಿಂಗ್ ಬಾರ್' ಎಂದಿದೆಯೋ? ಟಿಎಫ್‌ಎಂ ಎಷ್ಟು? ಟಿಎಫ್‌ಎಂ ಎಂದರೆ ಸೋಪಿನಲ್ಲಿರುವ ಕೊಬ್ಬಿನಂಶ. ಗ್ರೇಡ್ 1 ಸೋಪಿನಲ್ಲಿ ಕನಿಷ್ಠ 76%, ಗ್ರೇಡ್ 2ರಲ್ಲಿ 70%, ಗ್ರೇಡ್ 3ರಲ್ಲಿ 60% ಇರಬೇಕು. ಬಾತಿಂಗ್ ಬಾರ್‌ನಲ್ಲಿ 40%ರಷ್ಟು ಕಡಿಮೆ ಇದ್ದರೂ ನಡೆಯುತ್ತದೆ. ಬಾದಾಮಿ, ಕೇಸರಿ ಚಿತ್ರಕ್ಕಿಂತ ಈ ಒಂದು ಅಂಕಿ ಮುಖ್ಯ. ಮೈಸೂರು ಸಂಸ್ಥಾನ ಆರಂಭಿಸಿದ ಸಾಬೂನು ಕಾರ್ಖಾನೆಯ ನಮ್ಮ ಮೈಸೂರು ಸ್ಯಾಂಡಲ್ ಗ್ರೇಡ್ 1, ಎಲ್ಲ ಊರಲ್ಲೂ ಸಿಗುತ್ತದೆ. ಆದರೂ ಅದೂ ಸೋಪೇ. ಚರ್ಮ ತೀರಾ ಒಣಗಿದವರು ದಿನಾ ಇಡೀ ಮೈಗೆ ಹಚ್ಚಬೇಕಿಲ್ಲ, ಕಂಕುಳು, ತೊಡೆಸಂದು, ಪಾದಕ್ಕೆ ಸಾಕು.

ದೆಹಲಿಯ ಚಳಿಗೆ ದುಬಾರಿ ಲೋಷನ್ನೇ ಆಗಬೇಕೆಂದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಟವೆಲ್ಲಿನಿಂದ ಒತ್ತಿಕೊಂಡು, ಮೈ ಇನ್ನೂ ಹಸಿಯಿರುವಾಗಲೇ ಕೊಬ್ಬರಿ ಎಣ್ಣೆ ತೆಳುವಾಗಿ ಸವರಿ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅಷ್ಟು ಪ್ರಯೋಜನವಿಲ್ಲ. ಅಕ್ಕಪಕ್ಕದವರು ಮಗುವಿಗೆ ಸಾಸಿವೆ ಎಣ್ಣೆ ತಿಕ್ಕಿ ಎನ್ನುತ್ತಾರೆ. ಎಳೆ ಚರ್ಮಕ್ಕೆ ಅದು ಕಟು, ಕೊಬ್ಬರಿ ಎಣ್ಣೆಯೇ ವಾಸಿ.

*ಇನ್ನು ಹೆದರಬೇಕಾದ ವಿಷಯ*

ಇದುವರೆಗೆ ಹೇಳಿದ್ದರಲ್ಲಿ ತಪ್ಪಾದರೆ ಹೆಚ್ಚೆಂದರೆ ಕಣ್ಣು ಉರಿಯಬಹುದು, ಚರ್ಮ ಕೆರೆಯಬಹುದು. ಆದರೆ 'ನ್ಯಾಚುರಲ್' ಎಂಬ ಅದೇ ಮಾತು ಹೇಳಿಕೊಂಡು ಕಿಡ್ನಿ ಕೆಡಿಸುವ ಸಾಮಾನೂ ಮಾರುಕಟ್ಟೆಯಲ್ಲಿದೆ.

ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನ ಕಿಡ್ನಿ ವೈದ್ಯರು 2021ರಿಂದ 2023ರ ನಡುವೆ ಒಂದು ವಿಚಿತ್ರ ಗಮನಿಸಿದರು. ಮೂತ್ರದಲ್ಲಿ ಪ್ರೋಟೀನ್ ಸೋರುವ ಒಂದು ಅಪರೂಪದ ಕಾಯಿಲೆಯ 15 ರೋಗಿಗಳನ್ನು ವಿಚಾರಿಸಿದಾಗ 13 ಮಂದಿ ಮುಖ ಬಿಳಿಯಾಗಿಸುವ ಕ್ರೀಂ ಬಳಸುತ್ತಿದ್ದವರು! ಕಾರಣ ಪಾದರಸ. ಅದು ಚರ್ಮದ ಬಣ್ಣ ಮಾಡುವ ಕ್ರಿಯೆಯನ್ನು ತಡೆಯುತ್ತದೆ, ಅದಕ್ಕೇ ಮುಖ ಬೇಗ ಬೆಳ್ಳಗಾಗುತ್ತದೆ. ಜೊತೆಗೆ ಚರ್ಮದ ಮೂಲಕ ರಕ್ತಕ್ಕೂ ಇಳಿಯುತ್ತದೆ. ಕ್ರೀಂ ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು ಎಂಬುದೇ ಸಮಾಧಾನ. ಇಂಥ ಕ್ರೀಮಿನ ಡಬ್ಬಿಯ ಮೇಲೆ ಪಾದರಸ ಎಂದು ಯಾರೂ ಬರೆಯುವುದಿಲ್ಲ. ತಯಾರಕರ ಪೂರ್ತಿ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇಲ್ಲದ ಡಬ್ಬಿ, ಬ್ಯೂಟಿ ಪಾರ್ಲರಿನವರು "ನಾವೇ ಮಾಡಿದ್ದು" ಎಂದು ಕೊಡುವ ಕ್ರೀಂ, ಹತ್ತೇ ದಿನದಲ್ಲಿ ಬೆಳ್ಳಗಾಗುತ್ತೀರಿ ಎನ್ನುವ ಮಾತು, ಇವುಗಳಲ್ಲಿ ಒಂದಿದ್ದರೂ ಮುಟ್ಟಬೇಡಿ. ಈಗಾಗಲೇ ಬಳಸುತ್ತಿದ್ದು ಕಣ್ಣಿನ ಸುತ್ತ ಅಥವಾ ಕಾಲು ಊದಿದರೆ, ಮೂತ್ರದಲ್ಲಿ ನೊರೆ ನಿಂತರೆ, ಡಬ್ಬಿಯ ಸಮೇತ ವೈದ್ಯರ ಹತ್ತಿರ ಹೋಗಿ. ಸಾದಾ ಮೂತ್ರ ಪರೀಕ್ಷೆಯಲ್ಲೇ ಮೊದಲ ಸುಳಿವು ಸಿಗುತ್ತದೆ. ಸ್ಟಿರಾಯ್ಡ್ ಬೆರೆಸಿದ ಕ್ರೀಮುಗಳದು ಇನ್ನೊಂದು ಕಥೆ. ಮೊದಲು ಮುಖ ಹೊಳೆಯುತ್ತದೆ, ಬಿಟ್ಟ ಕೂಡಲೇ ಕೆಂಪಾಗಿ ಉರಿಯುತ್ತದೆ.

ಮದುವೆ ಸೀಸನ್ನಿನಲ್ಲಿ ಬರುವ ಕಪ್ಪು ಮೆಹಂದಿಯದೂ ಇದೇ ಪಾಡು. ಗೋರಂಟಿ ಎಲೆ ಕೊಡುವುದು ಕಿತ್ತಳೆಗೆಂಪು ಬಣ್ಣ, ಅದಕ್ಕೂ ಗಂಟೆಗಟ್ಟಲೆ ಬೇಕು. ಅರ್ಧ ಗಂಟೆಯಲ್ಲಿ ಕಪ್ಪಾದರೆ ಅದರಲ್ಲಿರುವುದು ಹೆಚ್ಚಾಗಿ ಪಿಪಿಡಿ ಎಂಬ ಹೇರ್ ಡೈ ರಾಸಾಯನಿಕ. ಕೆಲವರಿಗೆ ಗುಳ್ಳೆ ಎದ್ದು ಮುಖವೇ ಊದಿಕೊಳ್ಳುತ್ತದೆ. ತಲೆಗೆ ಹಚ್ಚುವ 'ಹರ್ಬಲ್' ಕಪ್ಪು ಪುಡಿಯ ಪ್ಯಾಕೆಟ್ ತಿರುಗಿಸಿ ನೋಡಿ, ಬಹಳಷ್ಟರಲ್ಲಿ ಪಿಪಿಡಿ ಇದೆ. ಹೊಸದು ಏನೇ ತಂದರೂ, ಮನೆಯಲ್ಲೇ ಮಾಡಿದ ಪುಡಿಯಾದರೂ, ಮೊಣಕೈ ಒಳಭಾಗಕ್ಕೆ ಚೂರು ಹಚ್ಚಿ ಎರಡು ದಿನ ಕಾದು ನೋಡಿ. ಹಸುಗೂಸಿಗೆ ಗೋರಂಟಿಯೂ ಬೇಡ. ಜಿ6ಪಿಡಿ ಎಂಬ ಕೊರತೆ ಇರುವ ಮಕ್ಕಳಲ್ಲಿ ಶುದ್ಧ ಗೋರಂಟಿಯಿಂದಲೂ ರಕ್ತಕಣ ಒಡೆಯಬಹುದು.

ಕೂದಲು ಉದುರುವುದಕ್ಕೆಲ್ಲ "ಈ ಊರಿನ ನೀರು" ಎಂದು ಎಣ್ಣೆ ಮೇಲೆ ಎಣ್ಣೆ ಬದಲಿಸುವವರಿಗೆ ಒಂದು ಮಾತು. ಜ್ವರ, ಹೆರಿಗೆ, ಊರು ಬಿಟ್ಟು ಬಂದ ಒತ್ತಡ, ಇವುಗಳಾಗಿ ಎರಡು ಮೂರು ತಿಂಗಳಿಗೆ ಕೂದಲು ಉದುರುವುದು ಸಾಮಾನ್ಯ, ತಾನಾಗಿ ನಿಲ್ಲುತ್ತದೆ. ಆರು ತಿಂಗಳಾದರೂ ನಿಲ್ಲದಿದ್ದರೆ, ಬೈತಲೆ ಅಗಲವಾಗುತ್ತಿದ್ದರೆ, ಎಣ್ಣೆಗೆ ಹಾಕುವ ದುಡ್ಡಿನಲ್ಲಿ ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಿ.

ದೆಹಲಿ ಮತ್ತು ಪುಣೆಯಲ್ಲಿ ಚಿಗರೆಪುಡಿ ಎಲ್ಲಿ ಸಿಗುತ್ತದೆ ಎಂದು ಹಲವರು ಕೇಳುತ್ತಿದ್ದಾರೆ. ಗೊತ್ತಿದ್ದವರು ಅಂಗಡಿ ಇರುವ ಬೀದಿ ಮತ್ತು ಅಲ್ಲಿ ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಗುಂಪಿನಲ್ಲಿ ಹಾಕಿ.